ದಾಳವೂ ಮಾತೂ

ವಾರ್ಷಿಕ ಸಂಚಿಕೆಗೆ ಏನಾದರೊಂದು ಬರೆದುಕೊಡು ಎಂದು ನಮ್ಮ ಕನ್ನಡ ಅಧ್ಯಾಪಕರು ಅಪ್ಪಣೆ ಮಾಡಿದಾಗ ನನಗೆ ಸಂತೋಷವೂ ಆಯಿತು, ದಿಗಿಲೂ ಆಯಿತು. ನಮ್ಮ ಮನೆತನದಲ್ಲಿ ಒಬ್ಬರು ಬರೆದದ್ದು ಅಚ್ಚಾಗುವುದು ಇದೇ ಮೊದಲು. ಅಷ್ಟೇಕೆ, ಬರೆಯಲು ಕಲಿತದ್ದೇ ನನ್ನಿಂದ ಮೊದಲು. ನನಗಿಂತ ಹಿಂದಿನವರೆಲ್ಲ ಹೆಬ್ಬೆಟ್ಟಿನವರು. ಆದ್ದರಿಂದ ಸಂತೋಷ. ದಿಗಿಲೇಕೆಂದರೆ, ಬರೆಯತಕ್ಕ ವಿಷಯವೇ ತೋಚಲಿಲ್ಲ. ಪ್ರವಾಸ ಕಥನ ಬರೆಯೋಣವೆಂದರೆ, ಊರಿನಿಂದ ಕಾಲೇಜಿಗೆ, ಕಾಲೇಜಿನಿಂದ ಊರಿಗೆ ಓಡಾಡಿದ್ದನ್ನು ಬಿಟ್ಟರೆ ನಾನು ಬೇರೆ ಪ್ರವಾಸ ಮಾಡಿದವನಲ್ಲ. ಶಿಸ್ತು, ಸಮಯಪಾಲನೆ ಮುಂತಾದ ಘನ ವಿಷಯಗಳ ಮೇಲೆ ಬರೆಯುವವರು ಪ್ರತಿ ವರ್ಷವೂ ಇದ್ದೇ ಇರುತ್ತಾರೆ. ಹೀಗಿರಲಾಗಿ, ಈ ಮೂರು ವರ್ಷಗಳಲ್ಲಿ ನನಗೆ ನಿಜವಾಗಿ ಚೆನ್ನಾಗಿ ತಿಳಿದಿರುವುದು ಯಾವುದು ಎಂದು ನನ್ನನ್ನೇ ಕೇಳಿಕೊಂಡೆ. ಬಂದ ಉತ್ತರ ಅಷ್ಟೇನೂ ಗೌರವದ್ದಾಗಿರಲಿಲ್ಲ. ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಶನಿವಾರದ ರಾತ್ರಿ ನಾವು ನಾಲ್ವರು ಕುಳಿತು ಆಡುವ ಒಂದು ಆಟ! ಅದನ್ನೇ ಬರೆಯುತ್ತೇನೆ. ಅಧ್ಯಾಪಕರು ಮನ್ನಿಸಬೇಕು.

ಆಟದ ಹೆಸರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಅಮೆರಿಕದಲ್ಲಿ ಹುಟ್ಟಿದ್ದು. ಈ ಜಾತಿಯ ಆಟಗಳನ್ನು ಪಾತ್ರ ವಹಿಸುವ ಆಟಗಳೆನ್ನಬಹುದು. ಇದಕ್ಕೆ ಮೈದಾನ ಬೇಡ, ಬ್ಯಾಟು ಬೇಡ. ಒಂದು ಚಾಪೆ, ಒಂದಿಷ್ಟು ಕಾಗದ, ಕೆಲವು ದಾಳಗಳು ಇದ್ದರೆ ಸಾಕು. ಆಡುವವರು ಒಬ್ಬೊಬ್ಬರೂ ಒಂದೊಂದು ಕಲ್ಪಿತ ವ್ಯಕ್ತಿಯನ್ನು ತಮ್ಮದೆಂದು ಇಟ್ಟುಕೊಳ್ಳುತ್ತಾರೆ: ಒಬ್ಬನು ಕತ್ತಿವರಸೆಯವನು, ಇನ್ನೊಬ್ಬನು ಕಳ್ಳ, ಮತ್ತೊಬ್ಬನು ಮಂತ್ರವಾದಿ. ಆ ವ್ಯಕ್ತಿಯ ಬಲವೆಷ್ಟು, ಚುರುಕೆಷ್ಟು, ಬುದ್ಧಿಯೆಷ್ಟು ಎಂಬುದನ್ನೆಲ್ಲ ಅಂಕೆಗಳಲ್ಲಿ ಬರೆದುಕೊಳ್ಳಬೇಕು. ಒಬ್ಬನು ಮಾತ್ರ ಪಾತ್ರಧಾರಿಯಲ್ಲ. ಅವನಿಗೆ 'ಡಂಜನ್ ಮಾಸ್ಟರ್' ಎಂದು ಹೆಸರು. ನಮ್ಮ ಕಡೆಯ ಬಯಲಾಟದಲ್ಲಿ ಪಕ್ಕದಲ್ಲಿ ನಿಂತು ಆಟವನ್ನೆಲ್ಲ ನಡೆಸುವವನು ಭಾಗವತನಲ್ಲವೇ? ಆದ್ದರಿಂದ ನಾವೂ ಅವನನ್ನು ಭಾಗವತನೆಂದೇ ಕರೆದೆವು. ಆ ಪದವಿ ನನ್ನ ಪಾಲಿಗೆ ಬಂದಿತು.

ಭಾಗವತನು ಮೊದಲು ಸನ್ನಿವೇಶವನ್ನು ಹೇಳುತ್ತಾನೆ: "ಕತ್ತಲೆ. ಎದುರಿಗೆ ಹಳೆಯ ಕೋಟೆಯ ಬಾಗಿಲು. ಒಳಗೆ ಯಾರೋ ಕೆಮ್ಮಿದ ಸದ್ದು." ಆಮೇಲೆ ಒಬ್ಬೊಬ್ಬರೂ ತಮ್ಮ ವ್ಯಕ್ತಿ ಏನು ಮಾಡುತ್ತಾನೆಂದು ಹೇಳುತ್ತಾರೆ. ಮಾಡಿದ್ದು ಆಗುವುದೋ ಇಲ್ಲವೋ ಎಂಬ ಸಂಶಯ ಬಂದರೆ ದಾಳ ಎಸೆಯುತ್ತಾರೆ. ದಾಳದ ಅಂಕೆಯನ್ನು ನೋಡಿ ಏನಾಯಿತೆಂದು ಭಾಗವತನು ಹೇಳುತ್ತಾನೆ. ಆಟವೆಲ್ಲ ಇಷ್ಟೇ. ಆದರೆ ಈ ಮಾತಿಗೂ ಆ ದಾಳಕ್ಕೂ ಹೊಂದಿಕೆಯಾಗುವುದೆಂಬುದು ಹೇಳಿದಷ್ಟು ಸುಲಭವಲ್ಲ. ಅತ್ತೆ ಸೊಸೆಯರನ್ನು ಒಂದೇ ಒಲೆಯ ಮುಂದೆ ಕೂರಿಸಿದ ಹಾಗೆ.

ನನಗೆ ಇದು ಅಷ್ಟು ಹೊಸದೆನಿಸಲಿಲ್ಲ. ನಮ್ಮ ಅಜ್ಜಿ ಜಗುಲಿಯ ಮೇಲೆ ಸುಣ್ಣದ ಕಡ್ಡಿಯಿಂದ ಇಪ್ಪತ್ತೈದು ಮನೆ ಬರೆದು ಚೌಕಾಬಾರ ಆಡಿಸುತ್ತಿದ್ದಳು. ನಾಲ್ಕು ಕವಡೆ ಅಂಗಾತ ಬಿದ್ದರೆ ಚೌಕ, ನಾಲ್ಕೂ ಕವುಚಿ ಬಿದ್ದರೆ ಬಾರ. ಒಂದು ಕಾಯನ್ನಾದರೂ ಹೊಡೆಯದವನಿಗೆ ಒಳಮನೆಗೆ ಪ್ರವೇಶವಿಲ್ಲ. "ಯಾಕಜ್ಜಿ ಹೊಡೀಬೇಕು?" ಎಂದು ಯಾರೂ ಕೇಳುತ್ತಿರಲಿಲ್ಲ, ಅದು ನಿಯಮ. ಹೊಡೆಸಿಕೊಂಡ ಕಾಯಿಗೆ ನೋವಾಯಿತೇ, ಅದಕ್ಕೆ ಹೆಂಡಿರು ಮಕ್ಕಳಿದ್ದರೇ ಎಂಬುದೂ ಯಾರಿಗೂ ಬೇಕಿರಲಿಲ್ಲ. ಕತ್ತಲಾದ ಮೇಲೆ ಅದೇ ಜಗುಲಿಯ ಮೇಲೆ ಅದೇ ಅಜ್ಜಿ ಕಥೆ ಹೇಳುತ್ತಿದ್ದಳು. ಅಲ್ಲಿ ನಿಯಮವೇ ಇಲ್ಲ. ಏಳು ಸಮುದ್ರ ದಾಟಬೇಕೆಂದರೆ ರಾಜಕುಮಾರ ದಾಟಿಬಿಡುತ್ತಿದ್ದ. ಹೇಗೆ ದಾಟಿದ ಎಂದರೆ, "ದಾಟಿದ ಕಣೋ, ಹೂಂ ಅನ್ನು" ಎಂಬುದೇ ಉತ್ತರ. ಹಗಲು ಕವಡೆ, ಇರುಳು ಕಥೆ. ಅವೆರಡನ್ನೂ ಒಂದೇ ಚಾಪೆಯ ಮೇಲೆ ತಂದು ಕೂರಿಸಿದರೆ ಅದೇ ನಮ್ಮ ಶನಿವಾರದ ಆಟ.

ಇತಿಹಾಸದ ವಿದ್ಯಾರ್ಥಿಯಾದ್ದರಿಂದ ಈ ಆಟದ ಹುಟ್ಟನ್ನು ಹುಡುಕಿಕೊಂಡು ಹೋದೆ. ಅದರ ಒಂದು ಬೇರು ನಮ್ಮ ದೇಶಕ್ಕೇ ಬರುತ್ತದೆ. ಚದುರಂಗವು ಭಾರತದಿಂದ ಪರ್ಷಿಯ, ಅರಬ್ ದೇಶಗಳ ಮೂಲಕ ಯುರೋಪಿಗೆ ಹೋಯಿತಷ್ಟೆ. 1780ರಲ್ಲಿ ಜರ್ಮನಿಯ ಹೆಲ್ವಿಗ್ ಎಂಬ ವಿದ್ವಾಂಸನು ಅದನ್ನೇ ಹಿಗ್ಗಿಸಿ, ಬೆಟ್ಟ ನದಿಗಳಿರುವ ಯುದ್ಧದಾಟವನ್ನು ಮಾಡಿದನು. 1824ರಲ್ಲಿ ರೈಸ್ವಿಟ್ಸ್ ಎಂಬ ಪ್ರಷ್ಯದ ಸೇನಾಧಿಕಾರಿಯು ಚೌಕದ ಮನೆಗಳನ್ನು ಬಿಟ್ಟು ನಿಜವಾದ ಭೂಪಟದ ಮೇಲೆಯೇ ಆಡುವ 'ಕ್ರೀಗ್ಸ್‌ಶ್ಪೀಲ್' ಅನ್ನು ಪ್ರಕಟಿಸಿದನು. ಗುಂಡು ತಗಲಿ ಎಷ್ಟು ಸೈನಿಕರು ಬಿದ್ದರೆಂಬುದಕ್ಕೆ ಅಲ್ಲಿ ದಾಳ, ದಾಳಕ್ಕೊಂದು ಕೋಷ್ಟಕ. ನಡುವೆ ಒಬ್ಬ ಮಧ್ಯಸ್ಥ. ಆಡುವವನು ತನ್ನ ಸೈನ್ಯಕ್ಕೆ ಅಪ್ಪಣೆಯನ್ನು ಬರೆದುಕೊಡಬೇಕು. ಮಧ್ಯಸ್ಥನು ಕೋಷ್ಟಕ ನೋಡಿ ಫಲ ಹೇಳಬೇಕು. ಕೋಷ್ಟಕಗಳು ಬೆಳೆದು ಆಟ ಕುಂಟತೊಡಗಿತು. ಆಗ, 1876ರಲ್ಲಿ, ವೆರ್ಡಿ ಡು ವೆರ್ನ್ವಾ ಎಂಬ ಇನ್ನೊಬ್ಬ ಸೇನಾಧಿಕಾರಿಯು ಕೋಷ್ಟಕವೂ ಬೇಡ, ದಾಳವೂ ಬೇಡ, ಯುದ್ಧವನ್ನು ಕಂಡುಂಡ ಮಧ್ಯಸ್ಥನ ತೀರ್ಮಾನವೇ ಸಾಕೆಂದನು. ನಿಯಮ ಹೆಚ್ಚೋ, ತಿಳಿದವನ ಮಾತು ಹೆಚ್ಚೋ? ನಮ್ಮ ಕೋಣೆಯ ಜಗಳಕ್ಕೆ ಇಷ್ಟು ದೊಡ್ಡ ಪೂರ್ವಜರಿದ್ದರೆಂದು ತಿಳಿದು ನನಗೆ ಹೆಮ್ಮೆಯೇ ಆಯಿತು.

ಮುಂದಿನ ಕಥೆ ಅಮೆರಿಕದ್ದು. 1969ರಲ್ಲಿ ಮಿನ್ನೆಸೋಟದ ಡೇವಿಡ್ ವೆಸ್ಲಿ ಎಂಬಾತನು ತನ್ನ ಗೆಳೆಯರಿಗೆಂದು ಒಂದು ಯುದ್ಧದಾಟವನ್ನು ಸಿದ್ಧಮಾಡಿದನು. ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಪಟ್ಟಣದ ಮೇಲೆ ಎರಡು ಸೈನ್ಯಗಳ ಕಣ್ಣು. ಸೇನಾಪತಿಗಳು ಇಬ್ಬರೇ, ಬಂದ ಗೆಳೆಯರು ಹೆಚ್ಚು. ಉಳಿದವರನ್ನು ಸುಮ್ಮನೆ ಕೂರಿಸಬಾರದೆಂದು ಪಟ್ಟಣದ ಒಬ್ಬೊಬ್ಬ ವ್ಯಕ್ತಿಯ ಪಾತ್ರವನ್ನು ಹಂಚಿದನು. ಅವರೋ ಯುದ್ಧವನ್ನು ಮರೆತು ತಮ್ಮ ತಮ್ಮ ಪಾತ್ರದ ಹಂಚಿಕೆಗಳಲ್ಲಿ ಮುಳುಗಿದರು. ಇಬ್ಬರು ದ್ವಂದ್ವಯುದ್ಧ ಮಾಡುತ್ತೇವೆಂದು ಬಂದು ನಿಂತರಂತೆ. ಅದಕ್ಕೆ ನಿಯಮವಿರಲಿಲ್ಲ, ವೆಸ್ಲಿ ನಿಂತ ನಿಲುವಿನಲ್ಲೇ ಒಂದನ್ನು ಕಲ್ಪಿಸಬೇಕಾಯಿತು. ಆಟ ಕೆಟ್ಟಿತೆಂದು ಆತ ಕೊರಗಿದರೆ ಗೆಳೆಯರು ಇನ್ನೊಮ್ಮೆ ಆಡಿಸು ಎಂದರು. ಆ ಬಳಗದ ಡೇವ್ ಆರ್ನಸನ್ ಎಂಬಾತನು ಇದೇ ದಾರಿಯಲ್ಲಿ ಬ್ಲ್ಯಾಕ್‌ಮೂರ್ ಎಂಬ ಕಲ್ಪನಾ ರಾಜ್ಯವನ್ನು ಕಟ್ಟಿ ಆಡಿಸಿದನು. ವಿಸ್ಕಾನ್ಸಿನ್ನಿನ ಲೇಕ್ ಜಿನೀವದಲ್ಲಿದ್ದ ಗ್ಯಾರಿ ಗೈಗ್ಯಾಕ್ಸ್ ಎಂಬಾತನು ಅವನೊಡನೆ ಸೇರಿ ನಿಯಮಗಳನ್ನು ಬರೆದನು. 1974ರಲ್ಲಿ ಮೂರು ಸಣ್ಣ ಪುಸ್ತಕಗಳಿದ್ದ ಪೆಟ್ಟಿಗೆಯಾಗಿ ಅದು ಹೊರಬಿತ್ತು. ಮೊದಲು ಅಚ್ಚು ಹಾಕಿಸಿದ್ದು 1000 ಪ್ರತಿಗಳನ್ನು ಮಾತ್ರ.

ಅದು ನಮ್ಮ ಊರಿಗೆ ಬರಲು ಐವತ್ತು ವರ್ಷ ಹಿಡಿಯಿತು. ಬಂದದ್ದೂ ಪೆಟ್ಟಿಗೆಯಲ್ಲಲ್ಲ, ಮೊಬೈಲಿನಲ್ಲಿ. ಪ್ರಕಾಶಕರು 2023ರ ಜನವರಿಯಲ್ಲಿ ಮೂಲ ನಿಯಮಗಳನ್ನು ಯಾರು ಬೇಕಾದರೂ ಓದಿ ಬಳಸಬಹುದೆಂಬ ಪರವಾನಗಿಯೊಡನೆ ಬಿಟ್ಟುಕೊಟ್ಟಿದ್ದರು. ಸುಮಾರು 400 ಪುಟ, ಎಲ್ಲವೂ ಇಂಗ್ಲಿಷು. ದಾಳಗಳದ್ದೊಂದು ತೊಂದರೆ. ಈ ಆಟಕ್ಕೆ ಇಪ್ಪತ್ತು ಮುಖದ ದಾಳ ಬೇಕು. ನಮ್ಮ ಪೇಟೆಯ ಅಂಗಡಿಯವರನ್ನು ಕೇಳಿದರೆ, "ಲೂಡೋ ದಾಳ ಐತೆ, ಮೂರು ಬಾರಿ ಹಾಕ್ಕಳ್ಳಿ" ಎಂದರು. ಒಂದರಿಂದ ಇಪ್ಪತ್ತರವರೆಗೆ ಚೀಟಿ ಬರೆದು ಸ್ಟೀಲಿನ ಲೋಟಕ್ಕೆ ಹಾಕಿ ಕುಲುಕಿ ಎತ್ತತೊಡಗಿದೆವು. ಇಪ್ಪತ್ತನೆಯ ಚೀಟಿಯ ಮೂಲೆಯನ್ನು ಯಾರೋ ಮೆಲ್ಲಗೆ ಮಡಚಿಟ್ಟಿದ್ದುದು ಪತ್ತೆಯಾಗುವವರೆಗೆ ಈ ಏರ್ಪಾಡು ನಡೆಯಿತು.

ಇನ್ನು ನನ್ನ ಗೆಳೆಯರ ಪರಿಚಯ. ಅವರ ನಿಜನಾಮ ಬೇಡ. ಕೋಣೆಯಲ್ಲಿಟ್ಟ ಅಡ್ಡಹೆಸರುಗಳೇ ಸಾಕು. ಒಬ್ಬನು ವಾಚಸ್ಪತಿ: ಪೇಟೆಯವನು, ಇಂಗ್ಲಿಷ್ ಶಾಲೆಯಲ್ಲಿ ಓದಿದವನು, ಭಾಷಣ ಸ್ಪರ್ಧೆಯ ಬಹುಮಾನಗಳೆಲ್ಲ ಅವನವೇ. ಇನ್ನೊಬ್ಬನು ಲೆಕ್ಕಿಗ: ಅರ್ಥಶಾಸ್ತ್ರದವನು. ಮೂರನೆಯವನು ಮೌನಿ: ನನ್ನಂತೆಯೇ ಹಳ್ಳಿಯಿಂದ ಬಂದವನು, ಹತ್ತು ಮಾತಿಗೆ ಒಂದು ಮಾತು ಆಡಿದರೆ ಅದೇ ಹೆಚ್ಚು.

ಮೊದಲ ಒಂದು ತಿಂಗಳು ನಿಯಮಗಳನ್ನು ಓದಲು ಆಲಸ್ಯಪಟ್ಟು ಬಾಯಿಮಾತಿನಲ್ಲೇ ಆಡಿದೆವು. ನಾನು ಅಜ್ಜಿಯ ಧಾಟಿಯಲ್ಲಿ ಕಥೆ ಹೇಳುತ್ತಿದ್ದೆ. ಶತ್ರುಗಳು ಎದುರಾದರೆ ವಾಚಸ್ಪತಿಯು ಎದ್ದು ನಿಂತು, ತಾನು ದೀಪವನ್ನು ಹೇಗೆ ಎಸೆಯುವನು, ಗೋಡೆಗೆ ಕಾಲು ಕೊಟ್ಟು ಹೇಗೆ ಚಿಮ್ಮುವನು, ಒಂದೇ ಬೀಸಿಗೆ ಮೂವರನ್ನು ಹೇಗೆ ಕೆಡಹುವನು ಎಂದು ಹತ್ತು ನಿಮಿಷ ವರ್ಣಿಸುತ್ತಿದ್ದನು. ನಾನು "ಸರಿ, ಬಿದ್ದರು" ಎನ್ನುತ್ತಿದ್ದೆ. ಮೌನಿಯು "ನಾನೂ ಹೊಡೀತೀನಿ" ಎನ್ನುತ್ತಿದ್ದನು. "ತಾಗಲಿಲ್ಲ" ಎನ್ನುತ್ತಿದ್ದೆ. ನಾನು ಬೇಕೆಂದು ಹಾಗೆ ಮಾಡಿದವನಲ್ಲ. ಚೆನ್ನಾಗಿ ಹೇಳಿದ್ದು ಆಗಿಯೇ ತೀರಬೇಕೆಂದು ಯಾಕೋ ತೋರುತ್ತಿತ್ತು. ಪೇಟೆಯವನ ಮಾತಿಗೆ 'ಇಲ್ಲ' ಎನ್ನಲು ನನಗೆ ನಾಲಗೆಯೂ ಏಳುತ್ತಿರಲಿಲ್ಲ. ಮೌನಿಯು ನಾಲ್ಕು ವಾರ ಬಂದು ಕುಳಿತು ಒಬ್ಬ ಶತ್ರುವನ್ನೂ ಕೊಲ್ಲದೆ ಎದ್ದುಹೋದನು.

ಆಮೇಲೆ ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ನಿಯಮಗಳನ್ನು ಓದಿದೆ. ಆ ಪುಸ್ತಕದ ಪ್ರಕಾರ 'ಗಾಬ್ಲಿನ್' ಎಂಬ ಕುಳ್ಳ ಶತ್ರುವಿನ ರಕ್ಷಣೆಯ ಅಂಕೆ 15. ಹೊಡೆಯುವವನ ಕೌಶಲದ ಅಂಕೆ 5 ಇದ್ದರೆ ದಾಳದಲ್ಲಿ 10 ಅಥವಾ ಮೇಲೆ ಬೀಳಬೇಕು. ಅಂದರೆ ಇಪ್ಪತ್ತು ಎಸೆತಕ್ಕೆ ಹನ್ನೊಂದು ಗೆಲುವು. ಮಾತಿನ ಮಲ್ಲನಿಗೂ ಅಷ್ಟೇ, ಮೂಕನಿಗೂ ಅಷ್ಟೇ. ಆ ಶನಿವಾರ ವಾಚಸ್ಪತಿಯು ಎಂದಿನಂತೆ ಅಮೋಘವಾಗಿ ವರ್ಣಿಸಿ ಚೀಟಿ ಎತ್ತಿದರೆ 4. ಮೌನಿಯು "ಹೊಡೀತೀನಿ" ಎಂದು ಎತ್ತಿದರೆ 18. ಅವನ ಮುಖ ಅರಳಿದ್ದನ್ನು ನಾನು ಆ ದಿನವೇ ಮೊದಲು ಕಂಡದ್ದು. ನಿಯಮವೆಂದರೆ ಕೈಕಟ್ಟುವ ಹಗ್ಗವೆಂದೇ ತಿಳಿದಿದ್ದ ನನಗೆ, ಮಾತು ಬಾರದವನಿಗೆ ಅದು ಊರುಗೋಲೂ ಆಗಬಲ್ಲುದೆಂದು ಆಗ ಹೊಳೆಯಿತು.

ಆದರೆ ಊರುಗೋಲೇ ಕಾಲಾಗಿಬಿಟ್ಟರೆ? ಇನ್ನೆರಡು ತಿಂಗಳಲ್ಲಿ ನಮ್ಮ ಆಟ ಸಂತೆಯ ಲೆಕ್ಕವಾಯಿತು. "ಹದಿನೇಳು." "ತಾಗಿತು." "ಆರು." "ಸತ್ತ." "ಮುಂದೆ." ಕೋಟೆಯೂ ಇಲ್ಲ, ಕತ್ತಲೆಯೂ ಇಲ್ಲ. ಲೆಕ್ಕಿಗನೊಬ್ಬನಿಗೇ ಪರಮಾನಂದ. ಕೋಣೆಯನ್ನು ಹುಡುಕಬೇಕಾದರೂ, "ಹುಡುಕಿದೆ, ಹದಿನಾಲ್ಕು ಬಂತು" ಎನ್ನುವುದು. "ಏನೂ ಸಿಗಲಿಲ್ಲ" ಎನ್ನುವುದು. ಹೀಗಿರುವಾಗ ಒಂದು ದಿನ ಮೌನಿಯು ಚೀಟಿಯ ಲೋಟವನ್ನು ಮುಟ್ಟದೆ, "ಬೀಗದ ಕೈ ಸೂರಿನ ಸಂದಿಯಲ್ಲಿ ಇರ್ತದೆ, ಕೈ ಹಾಕಿ ನೋಡ್ತೀನಿ" ಎಂದನು. ನಾನು ಬೀಗದ ಕೈಯನ್ನು ಇಟ್ಟಿದ್ದುದು ಅಲ್ಲಿಯೇ! ನಮ್ಮ ಮನೆಯಲ್ಲಿ ಇಡುತ್ತಿದ್ದುದೂ ಅಲ್ಲಿಯೇ, ಅವನ ಮನೆಯಲ್ಲಿ ಇಡುತ್ತಿದ್ದುದೂ ಅಲ್ಲಿಯೇ. ಇನ್ನು ದಾಳವೇಕೆ? "ಸಿಕ್ಕಿತು" ಎಂದೆ. ಲೆಕ್ಕಿಗನು ಆಕ್ಷೇಪಿಸಿದನು. ಪುಸ್ತಕ ತೆಗೆದು ತೋರಿಸಿದೆ: ಸೋಲುವ ಸಂಭವವಿರುವ ಕೆಲಸಕ್ಕೆ ಮಾತ್ರ ದಾಳ ಎಸೆಯಬೇಕೆಂದು ಅಲ್ಲಿಯೇ ಬರೆದಿದೆ. ಸೂರಿನಲ್ಲಿರುವ ಬೀಗದ ಕೈ ಸೂರಿಗೆ ಕೈಹಾಕಿದವನಿಗೆ ಸಿಗದೆ ಇನ್ನಾರಿಗೆ ಸಿಕ್ಕೀತು?

ಇಷ್ಟು ತಿಳಿದುಕೊಂಡ ನಾನು ಒಳ್ಳೆಯ ಭಾಗವತನಾದೆನೆಂದು ಬೀಗುತ್ತಿದ್ದೆ. ಆ ಬೀಗು ಇಳಿದದ್ದು ಒಂದು ಹತ್ತಡಿಯ ಗೋಡೆಯಿಂದ.

ಇಲ್ಲಿ ಒಂದು ನಿಯಮವನ್ನು ಹೇಳಬೇಕು. ಈ ಆಟದಲ್ಲಿ ಪ್ರತಿಯೊಬ್ಬನಿಗೂ ಇಷ್ಟು 'ಹಿಟ್ ಪಾಯಿಂಟು' ಎಂದಿರುತ್ತದೆ. ನಾವು ಅದನ್ನು 'ಜೀವ' ಎನ್ನುತ್ತಿದ್ದೆವು. ಪೆಟ್ಟು ಬಿದ್ದಾಗಲೆಲ್ಲ ಜೀವ ಕಳೆಯುತ್ತದೆ. ಎತ್ತರದಿಂದ ಬಿದ್ದರೆ ಪ್ರತಿ ಹತ್ತು ಅಡಿಗೆ ಆರು ಮುಖದ ಒಂದು ದಾಳ. ಬಿದ್ದ ಅಂಕೆಯಷ್ಟು ಜೀವ ಹೋಗುತ್ತದೆ. ಎಷ್ಟೇ ಎತ್ತರದಿಂದ ಬಿದ್ದರೂ ಇಪ್ಪತ್ತು ದಾಳಕ್ಕಿಂತ ಹೆಚ್ಚಿಲ್ಲ. ಅವುಗಳ ಸರಾಸರಿ 70. ನೂರಕ್ಕೆ ಮೇಲೆ ಜೀವವಿರುವ ಮಹಾವೀರನಾದರೆ ಆಕಾಶದಿಂದ ಬಿದ್ದು ಮೈಕೊಡವಿಕೊಂಡು ಏಳಬಹುದು. ಮೇಲಾಗಿ, ಎಂಟು ಗಂಟೆ ವಿಶ್ರಾಂತಿ ತೆಗೆದುಕೊಂಡರೆ ಹೋದ ಜೀವವೆಲ್ಲ ತಿರುಗಿ ಬರುತ್ತದೆ.

ಇದನ್ನು ಓದಿ ಗೆಳೆಯರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕಂತೆ ಮಾಡಿದೆ.

ನಾನು ದ್ವಿತೀಯ ಪಿ.ಯು.ಸಿ.ಯಲ್ಲಿದ್ದಾಗ ನಮ್ಮ ತಂದೆಯವರು ಗಾರೆ ಕೆಲಸದಲ್ಲಿ ಸಾರುವೆಯ ಮೇಲಿಂದ ಬಿದ್ದರು. ಹತ್ತೇ ಅಡಿ. ಹಗ್ಗ ಸಡಿಲವಾಗಿತ್ತಂತೆ. ತೊಡೆಯ ಮೂಳೆ ಮುರಿಯಿತು. ಜೊತೆಯಾಳುಗಳು ಆ ಹೊಸ ಮನೆಗೆ ತಂದಿಟ್ಟಿದ್ದ ಬಾಗಿಲಿನ ಹಲಗೆಯ ಮೇಲೆ ಅವರನ್ನು ಮಲಗಿಸಿ, ನಾಲ್ಕು ಜನ ಹೊತ್ತು ರಸ್ತೆಗೆ ತಂದರು. ಆರು ತಿಂಗಳು ದುಡಿಮೆಯಿಲ್ಲ. ನಮ್ಮ ತಾಯಿಯ ಓಲೆ ಅಡವಿಗೆ ಹೋದದ್ದು ಆಗಲೇ. ಈಗ ಅವರು ನಾಲ್ಕು ಕುರಿ ಸಾಕಿಕೊಂಡು ಕೋಲೂರಿ ನಡೆಯುತ್ತಾರೆ. ಇದನ್ನು ನಾನು ವಿದ್ಯಾರ್ಥಿನಿಲಯದಲ್ಲಿ ಯಾರಿಗೂ ಹೇಳಿರಲಿಲ್ಲ.

ಆ ಶನಿವಾರ ನಮ್ಮ ಕಥೆ ಕೋಟೆಯೊಳಗೆ ನಡೆದಿತ್ತು. ವಾಚಸ್ಪತಿಯೂ ಲೆಕ್ಕಿಗನೂ ಬಾಗಿಲಿನ ಹೊರಗೆ ಸಿಕ್ಕಿಬಿದ್ದಿದ್ದಾರೆ. ಹಿಂದಿನಿಂದ ಶತ್ರುಗಳು ಬರುತ್ತಿದ್ದಾರೆ. ಮೌನಿಯ ಕಳ್ಳನು ಗೋಡೆಯ ಮೇಲಿದ್ದಾನೆ. ಕೆಳಗಿಳಿದು ಅಗುಳಿ ತೆಗೆದರೆ ಎಲ್ಲರೂ ಬದುಕುತ್ತಾರೆ. "ಎಷ್ಟು ಎತ್ತರ?" ಎಂದನು ಮೌನಿ. "ಹತ್ತಡಿ" ಎಂದೆ. ಅವನು ಕ್ಷಣಕಾಲ ತನ್ನ ಕಾಗದವನ್ನು ನೋಡಿದನು. ಅದರಲ್ಲಿ ಜೀವ 9 ಎಂದಿತ್ತು. "ಹಾರ್ತೀನಿ" ಎಂದನು. ದಾಳ 3 ಬಿದ್ದಿತು. "ಆರು ಉಳೀತು. ಅಗುಳಿ ತೆಗೀತೀನಿ."

ವಾಚಸ್ಪತಿಯು ನಗುತ್ತ, "ಹತ್ತಡಿ ತಾನೆ! ರಾತ್ರಿ ಮಲಗಿ ಎದ್ದರೆ ಎಲ್ಲ ಸರಿಹೋಗುತ್ತೆ ಬಿಡು" ಎಂದನು.

ಅವನದೇನೂ ತಪ್ಪಿಲ್ಲ. ಅವನು ಹೇಳಿದ್ದು ಪುಸ್ತಕದಲ್ಲಿದ್ದುದೇ. ಆದರೆ ನನಗೆ ಏನಾಯಿತೋ, "ಇಲ್ಲ. ತೊಡೆಯ ಮೂಳೆ ಮುರಿಯಿತು. ಅವನು ಏಳಲಾರ" ಎಂದೆ.

"ಪುಸ್ತಕದಲ್ಲಿ ಹಾಗಿಲ್ಲವಲ್ಲ" ಎಂದನು ಮೌನಿ.

"ಪುಸ್ತಕಕ್ಕೇನು ಗೊತ್ತು?" ಎಂದೆ.

ಬಾಗಿಲು ತೆರೆಯಲಿಲ್ಲ. ಹೊರಗಿದ್ದ ಇಬ್ಬರೂ ಸತ್ತರು. ಮೌನಿಯು ಕಾಗದವನ್ನು ಮಡಚಿ ಚಾಪೆಯ ಮೇಲಿಟ್ಟು, "ಮುರಿಯುತ್ತೇಂತ ಗೊತ್ತಿದ್ರೆ ನಾನು ಹಾರ್ತಿರಲಿಲ್ಲ" ಎಂದು ಹೇಳಿ ತನ್ನ ಕೋಣೆಗೆ ಹೋದನು. ಮುಂದಿನ ಎರಡು ಶನಿವಾರ ಬರಲಿಲ್ಲ.

ಆ ಎರಡು ವಾರ ನಾನು ನನ್ನೊಡನೆಯೇ ವಾದಮಾಡಿದೆ. ಹತ್ತಡಿಯಿಂದ ಬಿದ್ದರೆ ಮೂಳೆ ಮುರಿಯುತ್ತದೆ ಎಂಬುದು ಸುಳ್ಳೇ? ನಮ್ಮ ಮನೆಯಲ್ಲಿ ಸಾಕ್ಷಿಯಿದೆ. ಹಾಗಾದರೆ ನಾನು ಹೇಳಿದ್ದೇ ಸರಿ. ಆದರೂ ಮನಸ್ಸು ಒಪ್ಪಲಿಲ್ಲ. ಮೌನಿಯು ಹಾರಿದ್ದು ಯಾವ ಧೈರ್ಯದಿಂದ? ಹತ್ತಡಿಗೆ ಒಂದೇ ದಾಳ, ಎಷ್ಟು ಕೆಟ್ಟರೂ ಆರು ಹೋಗಿ ಮೂರು ಉಳಿಯುತ್ತದೆ ಎಂಬ ಲೆಕ್ಕದಿಂದ. ಆ ನಿಯಮವನ್ನು ನಾನೇ ಓದಿ ಹೇಳಿದ್ದೆ. ನಿಯಮವೆಂಬುದು ಕೊಟ್ಟ ಮಾತು. ಅವನು ನನ್ನ ಮಾತನ್ನು ನಂಬಿ ಹಾರಿದನು; ಅವನು ಗಾಳಿಯಲ್ಲಿದ್ದಾಗ ನಾನು ಮಾತು ಬದಲಾಯಿಸಿದೆ. ಸಾರುವೆಯ ಹಗ್ಗವನ್ನು ಸಡಿಲ ಕಟ್ಟಿದವನಿಗೂ ನನಗೂ ಏನು ವ್ಯತ್ಯಾಸ? ಹೀಗೆ ತೋರಿದ ಮೇಲೆ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಆಗಲೇ ಈ ಆಟದ ಬಗ್ಗೆ ಬಲ್ಲವರು ಏನು ಹೇಳಿದ್ದಾರೆಂದು ಹುಡುಕಿ ಓದಿದ್ದು. ಗೈಗ್ಯಾಕ್ಸನೇ 1979ರ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ: ಜೀವದ ಅಂಕೆಯೆಂದರೆ ಕೇವಲ ರಕ್ತಮಾಂಸವಲ್ಲ, ಪೆಟ್ಟನ್ನು ತಪ್ಪಿಸಿಕೊಳ್ಳುವ ಚಾತುರ್ಯ, ಅದೃಷ್ಟ, ದೈವಸಹಾಯ ಎಲ್ಲವೂ ಅದರಲ್ಲಿ ಸೇರಿವೆ. ಹಾಗಾದರೆ 'ಮೂರು ಹೋಯಿತು' ಎಂಬುದಕ್ಕೆ ಮೂಳೆ ಮುರಿಯಬೇಕಾಗಿರಲಿಲ್ಲ. ಮೊಣಕಾಲು ತರಚಿತು, ಉಸಿರು ಕಟ್ಟಿತು, ಇನ್ನೊಮ್ಮೆ ಹಾರುವ ಧೈರ್ಯ ಹೋಯಿತು ಎನ್ನಬಹುದಾಗಿತ್ತು. ದಾಳ ಹೇಳುವುದು ಬರಿಯ ಅಂಕೆ. ಅದಕ್ಕೆ ಮೈಕೊಡುವುದು ಭಾಗವತನ ಕೆಲಸ. ನನ್ನಲ್ಲಿ ಮೊದಲೇ ಸಿದ್ಧವಾಗಿದ್ದ ಮೈಯೊಂದಿತ್ತು. ಅಂಕೆ ಯಾವುದು ಬಿದ್ದಿದ್ದರೂ ಅದನ್ನೇ ತೊಡಿಸುತ್ತಿದ್ದೆ.

ವಿನ್ಸೆಂಟ್ ಬೇಕರ್ ಎಂಬ ಅಮೆರಿಕದ ಆಟಗಾರನು ಇದನ್ನು ಇನ್ನೂ ಬಿಡಿಸಿ ಹೇಳಿದ್ದಾನೆ. ಆಟದಲ್ಲಿ ಕಲ್ಪಿತವಾಗಿ ನಡೆಯುವುದನ್ನು ಆಡುವವರೆಲ್ಲ ಯಾವ ಬಗೆಯಲ್ಲಿ ಒಪ್ಪಿಕೊಳ್ಳುತ್ತಾರೋ ಆ ಬಗೆಯೇ ನಿಯಮ ಎಂಬುದು ಅವನ ಮತ. ಅವನು ಒಂದು ಕಡೆ ಮೋಡವನ್ನೂ ಇನ್ನೊಂದು ಕಡೆ ದಾಳವನ್ನೂ ಬರೆದು ನಡುವೆ ಬಾಣದ ಗುರುತುಗಳನ್ನು ಎಳೆಯುತ್ತಾನೆ. ಮೋಡವೆಂದರೆ ನಾವು ಊಹಿಸಿಕೊಂಡ ಲೋಕ. ಬಾಣಗಳು ದಾಳದಿಂದ ದಾಳಕ್ಕೇ ಸುತ್ತುತ್ತಿದ್ದರೆ ಅದು ಲೆಕ್ಕ. ನಮ್ಮ ಎರಡು ತಿಂಗಳ ಸಂತೆ. ಮೋಡದಿಂದ ಮೋಡಕ್ಕೇ ಸುತ್ತುತ್ತಿದ್ದರೆ ಅದು ಅಜ್ಜಿಯ ಕಥೆ, ಹೇಳುವವನದೇ ರಾಜ್ಯ. ಮೋಡದಿಂದ ದಾಳಕ್ಕೆ, ದಾಳದಿಂದ ಮತ್ತೆ ಮೋಡಕ್ಕೆ ಹೋಗಿ ಬರುತ್ತಿದ್ದರೆ ಆಗ ಆಟ. ಅವನೂ ಅವನ ಪತ್ನಿ ಮೆಗ್ವಿಯೂ 2010ರಲ್ಲಿ ಪ್ರಕಟಿಸಿದ 'ಅಪಾಕಲಿಪ್ಸ್ ವರ್ಲ್ಡ್' ಎಂಬ ಆಟದಲ್ಲಿ ಈ ಹೋಗಿಬರುವಿಕೆಯನ್ನೇ ಕಟ್ಟಳೆ ಮಾಡಿದ್ದಾರೆ. ಅಲ್ಲಿ ನಿಯಮದ ಹೆಸರು ಹೇಳಿದರೆ ನಡೆಯದು. ನಿನ್ನ ವ್ಯಕ್ತಿ ಆ ಕೆಲಸವನ್ನು ಮಾಡಿದನೆಂದು ಹೇಳಬೇಕು, ಆಗಲೇ ಎರಡು ದಾಳ. 10ರ ಮೇಲೆ ಬಿದ್ದರೆ ಪೂರಾ ಗೆಲುವು; 7ರಿಂದ 9 ಬಿದ್ದರೆ ಗೆಲುವು ಉಂಟು, ಅದಕ್ಕೆ ತೆರಬೇಕಾದ ಬೆಲೆಯೂ ಉಂಟು. ನಮ್ಮ ಬಾಳಿನಲ್ಲಿ ಹೆಚ್ಚಾಗಿ ಬೀಳುವುದು ಈ ಏಳೆಂಟೇ ಅಲ್ಲವೇ!

2005ರ 'ಡ್ರೆಡ್' ಎಂಬ ಇನ್ನೊಂದು ಆಟದಲ್ಲಿ ದಾಳವೇ ಇಲ್ಲ. ಮರದ ತುಂಡುಗಳನ್ನು ಅಡ್ಡಡ್ಡಲಾಗಿ ಪೇರಿಸಿದ ಗೋಪುರವೊಂದು ನಡುವೆ ಇರುತ್ತದೆ. ಅಪಾಯದ ಕೆಲಸ ಮಾಡುವವನು ಅದರಿಂದ ಒಂದು ತುಂಡನ್ನು ಎಳೆದು ಮೇಲಿಡಬೇಕು. ಗೋಪುರ ಬಿದ್ದರೆ ಅವನ ಪಾತ್ರ ಮುಗಿಯಿತು. ಕಥೆಯಲ್ಲಿ ಪಾತ್ರವು ಹೆದರುತ್ತಿರುವಾಗ ಚಾಪೆಯ ಮೇಲೆ ಆಡುವವನ ಬೆರಳೂ ನಡುಗುತ್ತದೆ. ನಿಯಮವೂ ವರ್ಣನೆಯೂ ಇಷ್ಟು ಹತ್ತಿರ ಬಂದದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ಇವೆಲ್ಲ ಓದಿದ್ದು ಸರಿ. ಮೌನಿಯ ಬಾಗಿಲು ತಟ್ಟಬೇಕಾದವನು ನಾನೇ. ಮೂರನೆಯ ಶನಿವಾರ ಸಂಜೆ ಹೋದೆ. ಅವನು ಬಟ್ಟೆ ಮಡಚುತ್ತಿದ್ದನು. ಹೇಳಬೇಕೆಂದು ಕಲಿತುಕೊಂಡು ಹೋಗಿದ್ದ ಮಾತುಗಳೊಂದೂ ಬಾಯಿಗೆ ಬರಲಿಲ್ಲ. ತಂದೆಯವರು ಬಿದ್ದದ್ದನ್ನು, ಬಾಗಿಲಿನ ಹಲಗೆಯನ್ನು, ತಾಯಿಯ ಓಲೆಯನ್ನು ಹೇಳಿದೆ. ಅವನು ಅಂಗಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದನು. ಬಹಳ ಹೊತ್ತಿನ ಮೇಲೆ, "ಮೊದಲೇ ಹೇಳಬಾರದಾಗಿತ್ತಾ?" ಎಂದನು.

ಗೋಡೆಯ ವಿಷಯ ಕೇಳಿದನೋ ತಂದೆಯ ವಿಷಯ ಕೇಳಿದನೋ ನನಗೆ ತಿಳಿಯಲಿಲ್ಲ. ಎರಡಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ.

ಆ ರಾತ್ರಿಯೇ ನಾಲ್ವರೂ ಸೇರಿದೆವು. ಸತ್ತ ಇಬ್ಬರನ್ನು ಬದುಕಿಸಿದೆವು. ಗೋಡೆಯ ಪ್ರಸಂಗವೇ ನಡೆದಿಲ್ಲವೆಂದು ತೀರ್ಮಾನಿಸಿದೆವು. ಹೊಸ ನಿಯಮವೊಂದನ್ನು ಮಾಡೋಣವೆಂದು ಮೌನಿಯೇ ಸೂಚಿಸಿದನು. ಹತ್ತಡಿಯಿಂದ ಬಿದ್ದವನ ದಾಳ 1 ಬಿದ್ದರೆ ಮೂಳೆ ಮುರಿಯಿತೆಂದು ಲೆಕ್ಕ. ಅಂಥವನು ಆ ಪ್ರಸಂಗ ಮುಗಿಯುವವರೆಗೆ ನಡೆಯಲಾರ. ಎಂಟು ಗಂಟೆ ಮಲಗಿದರೆ ವಾಸಿಯಾಗುವುದೂ ಇಲ್ಲ. ಇಬ್ಬರು ಹೊರಬೇಕು, ಹೊರುವವರು ಕತ್ತಿ ಹಿಡಿಯುವಂತಿಲ್ಲ. ಆರಕ್ಕೆ ಒಂದು ಸಂಭವವೆಂದು ಲೆಕ್ಕಿಗನು ಬರೆದುಕೊಂಡನು. ಮುಖ್ಯವಾಗಿ, ಯಾರಾದರೂ ಹಾರುವ ಮೊದಲು ಕೆಳಗೇನಿದೆ ಎಂಬುದನ್ನು ಭಾಗವತನು ಹೇಳಲೇಬೇಕು: ಹುಲ್ಲೋ, ಕೆಸರೋ, ಚಪ್ಪಡಿ ಕಲ್ಲೋ. ಹುಲ್ಲಿದ್ದರೆ 1 ಬಿದ್ದರೂ ಮೂಳೆಗೆ ಅಪಾಯವಿಲ್ಲ. ಹೇಳದೆ ಮರೆತರೆ ಅದು ಹುಲ್ಲೆಂದೇ ತಿಳಿಯತಕ್ಕದ್ದು.

ಈ ನಿಯಮಕ್ಕೆ ಮೊದಲು ಸಿಕ್ಕವನು ವಾಚಸ್ಪತಿ. ಒಂದು ತಿಂಗಳ ಮೇಲೆ, ಕೆಳಗೆ ಚಪ್ಪಡಿ ಕಲ್ಲೆಂದು ನಾನು ಎರಡು ಸಲ ಹೇಳಿದರೂ ಕೇಳದೆ ಹಾರಿದನು. ದಾಳ 1 ಬಿದ್ದಿತು. ಅವನು ನಗಲಿಲ್ಲ, ಈಗ ಏನು ಮಾಡುವುದೆಂದು ಎಲ್ಲರ ಮುಖ ನೋಡಿದನು. ಹೊರುವುದು ಹೇಗೆ, ಏಣಿಯಿಲ್ಲ, ಬಟ್ಟೆಯಿಲ್ಲ ಎಂದು ಲೆಕ್ಕಿಗನು ಗೊಣಗುತ್ತಿದ್ದನು.

ಮೌನಿಯು, "ಪಕ್ಕದ ಕೋಣೆಗೆ ಬಾಗಿಲು ಇದೆಯಲ್ಲ. ಹಲಗೆ ಕಳಚಿ ತರ್ತೀನಿ" ಎಂದನು.

ಅದಕ್ಕೆ ದಾಳ ಎಸೆಯಬೇಕೇ ಎಂದು ಲೆಕ್ಕಿಗನು ಕೇಳಿದನು. ಬೇಡ ಎಂದೆ. ಸ್ವಲ್ಪ ಹೊತ್ತು ಪುಸ್ತಕದಲ್ಲಿ ಏನನ್ನೋ ಹುಡುಕುವವನಂತೆ ತಲೆ ಬಗ್ಗಿಸಿಕೊಂಡಿದ್ದೆ.

ಪರೀಕ್ಷೆ ಮುಗಿದರೆ ನಾವು ನಾಲ್ವರೂ ನಾಲ್ಕು ದಿಕ್ಕಾಗುತ್ತೇವೆ. ನಾವು ಮಾಡಿಕೊಂಡ ನಿಯಮಗಳು ಒಂದು ಇನ್ನೂರು ಪುಟದ ನೋಟ್ ಪುಸ್ತಕದಲ್ಲಿವೆ. ಹನ್ನೊಂದು ನಿಯಮ, ಕನ್ನಡದಲ್ಲಿ. ಎರಡನೆಯ ವರ್ಷದ ಹುಡುಗರು ಕೇಳಿದ್ದಾರೆ, ಅವರಿಗೆ ಕೊಟ್ಟುಹೋಗುತ್ತೇವೆ. ಅವರಿಗೆ ಹಿಡಿಸದಿದ್ದನ್ನು ಹೊಡೆದುಹಾಕಲಿ. ಆದರೆ ಆಟ ಶುರುವಾಗುವ ಮೊದಲು ಹೊಡೆದುಹಾಕಲಿ. ಮೊದಲ ಪುಟದಲ್ಲಿ ಮೌನಿಯ ಕೈಬರಹದಲ್ಲಿ ಇಷ್ಟೇ ಇದೆ: 'ಮೊದಲು ಹೇಳಬೇಕು. ಆಮೇಲೆ ಎಸೆಯಬೇಕು. ಬಿದ್ದದ್ದನ್ನು ಎಲ್ಲರೂ ಒಪ್ಪಬೇಕು.'